ನೆಟ್ ಇಲ್ಲದೆ ನಡೆಯುವ 'ಕೆಂಪು ಗುಂಡಿ': ಮೂರು ತಿಂಗಳು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಆಪತ್ತಿನಲ್ಲಿ ನಾವಿರುವ ಜಾಗವನ್ನು ನಮ್ಮವರಿಗೆ ತಿಳಿಸುವ ಈ ಆ್ಯಪ್ ನಿಮಗೆ ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಇಲ್ಲೇ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿರುವ ನನ್ನ ಅಕ್ಕನ ಮಗಳು ಮತ್ತು ಅವಳ ಮೂವರು ಗೆಳತಿಯರು ಪ್ರಾಜೆಕ್ಟ್‌ಗೆ ಅಂತ ಮಾಡಿದ್ದು. ಸದ್ಯಕ್ಕೆ ನಮ್ಮ ಮನೆಮಂದಿಯ ಆರು ಫೋನ್‌ಗಳಲ್ಲಿ ಇದೆ, ಅಷ್ಟೇ. ಅವರು ಏನೋ ದೊಡ್ಡ ಇಂಗ್ಲಿಷ್ ಹೆಸರು ಇಟ್ಟಿದ್ದಾರೆ, ಆದರೆ ನಮ್ಮವ್ವನ ಬಾಯಲ್ಲಿ ಅದು 'ಕೆಂಪು ಗುಂಡಿ' ಆಗಿದೆ, ನಾನೂ ಹಾಗೇ ಕರೆಯುತ್ತೇನೆ.

ಸಿಗದ ಆ್ಯಪ್‌ಗೆ ರಿವ್ಯೂ ಯಾಕೆ ಅಂತೀರಾ? ಒಂದು, ಹುಡುಗಿ ಕೇಳಿದ್ದಾಳೆ. "ಚಿಗವ್ವ, ಮನಿಯವರಂಗ ಹೊಗಳಬ್ಯಾಡ. ರೊಕ್ಕಾ ಕೊಟ್ಟು ತಗೊಂಡವರು ಹೆಂಗ ಬರೀತಾರ, ಹಂಗ ಬರಿ" ಅಂದಳು. ಇನ್ನೊಂದು, ಇಂಥ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ರಾಶಿ ಬಿದ್ದಿವೆ. ನೀವು ಅದರಲ್ಲಿ ಯಾವುದನ್ನೇ ಹಾಕಿಕೊಂಡರೂ ನಾವು ಎಡವಿದ ಕಡೆಯೇ ನೀವೂ ಎಡವುವ ಸಾಧ್ಯತೆ ಇದೆ. ಹಾಕಿಕೊಳ್ಳುವ ಮೊದಲು ಏನು ಪರೀಕ್ಷೆ ಮಾಡಬೇಕು ಅಂತ ಗೊತ್ತಿದ್ದರೆ ಒಳ್ಳೆಯದಲ್ವಾ.

ನಾನು ಟೀಚರ್. ಮನೆ ಕಲಬುರಗಿಯಲ್ಲಿ, ಶಾಲೆ ಚಿಂಚೋಳಿ ತಾಲೂಕಿನ ಒಂದು ಹಳ್ಳಿಯಲ್ಲಿ. ಗಂಡನ ನೌಕರಿ ಬೀದರ್‌ನಲ್ಲಿ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ನನಗೆ ದಿನಾ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಕೂರುವ ಸೀಟು ಹೋಯಿತು, ಅದು ಬೇರೆ ಮಾತು. ಮಹಾಗಾಂವ ಕ್ರಾಸ್‌ನಲ್ಲಿ ಚಿಂಚೋಳಿ ರಸ್ತೆಗೆ ತಿರುಗಿದ ಮೇಲೆ ನನ್ನ ಫೋನ್‌ನಲ್ಲಿ ನೆಟ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಒಂದು ಸಂಜೆ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಗಂಡನಿಗೆ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿದೆ. ಗಿರಗಿರ ತಿರುಗುತ್ತಲೇ ಇತ್ತು. ನಾನು ಮನೆ ಮುಟ್ಟಿ, ಊಟ ಮಾಡಿ, ಪಾತ್ರೆ ತೊಳೆಯಲು ಕೂತಾಗ ಬೀದರ್‌ನಿಂದ ಗಾಬರಿಯ ಫೋನು: "ಹೊಲದಾಗ ಯಾಕ ನಿಂತೀ?" ಆಗ ತಲುಪಿತ್ತು ಅದು.

ನೆಟ್ ಇಲ್ಲ ಅಂದ ಕೂಡಲೇ ಎಲ್ಲರೂ ಕಾಡು, ಗುಡ್ಡ ಅಂತ ಯೋಚಿಸುತ್ತಾರೆ. ನಮ್ಮ ಮನೆಯಲ್ಲಿ ನೆಟ್ ಇಲ್ಲ ಅಂದರೆ ದಿನದ ಡೇಟಾ ಸಂಜೆ ಐದಕ್ಕೇ ರೀಲ್ಸ್‌ನಲ್ಲಿ ಮುಗಿದಿದೆ ಅಂತ ಅರ್ಥ. ಸೂಪರ್ ಮಾರ್ಕೆಟ್ ನಡುವೆ ನಿಂತವಳಿಗೂ ನೆಟ್ ಇಲ್ಲದಿರಬಹುದು.

ಕೆಲಸ ಮಾಡುವ ರೀತಿ ಸರಳ. ಕೆಂಪು ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಹತ್ತು ಎಣಿಸುತ್ತದೆ, ಫೋನ್ ನಡುಗುತ್ತದೆ, ಆ ಹತ್ತರೊಳಗೆ ಬೇಡ ಅಂದರೆ ನಿಲ್ಲಿಸಬಹುದು. ಇಲ್ಲದಿದ್ದರೆ ನಾವು ಆರಿಸಿಟ್ಟವರಿಗೆ ನಾವಿರುವ ಜಾಗ ಎಸ್‌ಎಂಎಸ್‌ನಲ್ಲಿ ಹೋಗುತ್ತದೆ. ಜಾಗ ತಿಳಿಯಲು ಜಿಪಿಎಸ್ ಇದೆ, ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಅದೊಂಥರಾ ರೇಡಿಯೊ ಇದ್ದ ಹಾಗೆ, ಉಪಗ್ರಹ ಹೇಳುತ್ತದೆ, ಫೋನ್ ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ಎಸ್‌ಎಂಎಸ್‌ಗೂ ಡೇಟಾ ಬೇಕಿಲ್ಲ, ಕಾಲ್ ಹೋಗುವಷ್ಟು ಟವರ್ ಇದ್ದರೆ ಸಾಕು. ಇಷ್ಟು ಕೇಳಿದಾಗ ನನಗೂ ಇದರಲ್ಲೇನು ದೊಡ್ಡ ವಿಷಯ, ಒಂದು ಭಾನುವಾರದ ಕೆಲಸ ಅನ್ನಿಸಿತ್ತು.

ಮೊದಲ ಸಲ ನನ್ನ ಫೋನ್‌ಗೆ ಹಾಕಿಕೊಟ್ಟಾಗ ಚಂದ ಕಾಣುತ್ತಿತ್ತು. ಮರುದಿನ ಬಸ್ಸಿನಲ್ಲಿ ತೆರೆದರೆ ಮೊಬೈಲ್ ನಂಬರ್ ಕೇಳಿತು, ಒಟಿಪಿ ಹಾಕು ಅಂದಿತು, ಆಮೇಲೆ 'ಇಂಟರ್‌ನೆಟ್ ಸಂಪರ್ಕ ಪರೀಕ್ಷಿಸಿ' ಅಂದಿತು. ನೆಟ್ ಇಲ್ಲದೆ ನಡೆಯುವ ಆ್ಯಪ್ ತೆರೆಯಲು ನೆಟ್ ಬೇಕು! ಹುಡುಗಿಗೆ ಫೋನ್ ಮಾಡಿ ನಕ್ಕೆ, ಅವಳಿಗೆ ಸಿಟ್ಟು ಬಂತು. ತಪ್ಪು ಅವಳೊಬ್ಬಳದೇ ಅಲ್ಲ. ಈಗ ಆ್ಯಪ್ ಮಾಡಲು ಕಲಿಸುವವರೆಲ್ಲ ಲಾಗಿನ್‌ನಿಂದಲೇ ಶುರು ಮಾಡುತ್ತಾರಂತೆ. ಮ್ಯಾಪ್ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಚೌಕ. ಒಂದು ವಾರದಲ್ಲಿ ಲಾಗಿನ್ ತೆಗೆದರು, ಮ್ಯಾಪ್ ತೆಗೆದರು, ಬಣ್ಣ ಬಣ್ಣದ ಚಿತ್ರಗಳನ್ನೂ ತೆಗೆದರು. ನೀವು ಇಂಥ ಯಾವುದೇ ಆ್ಯಪ್ ಹಾಕಿಕೊಂಡರೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಡೇಟಾ ಬಂದ್ ಮಾಡಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಮೇಲೆ ತೆರೆದು ನೋಡಿ.

ಆಮೇಲೆ ಬಂದದ್ದು ಕನ್ನಡದ ಕಿರಿಕಿರಿ, ಇದರ ಮೇಲೆ ನಮ್ಮ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತವೆ. ಕನ್ನಡ ಆದರೆ 70 ಮಾತ್ರ. ಆ 70 ಕೂಡ ನಾವು ಎಣಿಸುವ ಅಕ್ಷರವಲ್ಲ. ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಕಷ್ಟದಲ್ಲಿದ್ದೇನೆ' ಅನ್ನುವುದು ನಮ್ಮ ಕಣ್ಣಿಗೆ ಆರು ಅಕ್ಷರ, ಫೋನ್‌ನ ಲೆಕ್ಕದಲ್ಲಿ 15. ಅವರು ಮೊದಲು ಬರೆದಿದ್ದ ಸಂದೇಶ ಹೀಗಿತ್ತು: 'ನಾನು ತುಂಬಾ ಕಷ್ಟದಲ್ಲಿದ್ದೇನೆ, ದಯವಿಟ್ಟು ಈ ಕೆಳಗಿನ ಸ್ಥಳಕ್ಕೆ ಆದಷ್ಟು ಬೇಗ ಬನ್ನಿ'. ಅದರ ಕೆಳಗೆ ಮ್ಯಾಪ್‌ನ ಉದ್ದನೆಯ ಲಿಂಕು. ಅದು ಮೂರು ತುಂಡಾಗಿ ಹೋಗುತ್ತಿತ್ತು. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ಮೂರನ್ನೂ ಜೋಡಿಸಿ ಒಂದೇ ಮಾಡಿ ತೋರಿಸುತ್ತದೆ. ಸಿಗ್ನಲ್ ಕೈಕೊಟ್ಟರೆ ಎರಡು ತುಂಡು ಬಂದು ಮೂರನೆಯದಕ್ಕೆ ಕಾಯುತ್ತಾ ಕೂರುತ್ತದೆ. ನಮಗೆ ಹಾಗೇ ಆಯಿತು, ಲಿಂಕಿನ ಬಾಲ ಮೂರನೆಯದರಲ್ಲಿತ್ತು, ಅದಿಲ್ಲದೆ ಲಿಂಕು ತೆರೆಯುವುದಿಲ್ಲ.

ನಾನು ಹೇಳಿದೆ, ಕಷ್ಟದಲ್ಲಿರುವವರು 'ದಯವಿಟ್ಟು' ಅನ್ನುವುದಿಲ್ಲ, ತೆಗಿ ಅದನ್ನು. 'ಆದಷ್ಟು ಬೇಗ' ಯಾಕೆ, ನಿಧಾನಕ್ಕೆ ಬನ್ನಿ ಅಂತ ಯಾರಾದರೂ ಕರೆಯುತ್ತಾರಾ? ಮಕ್ಕಳ ನಿಬಂಧ ತಿದ್ದಿದ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ. ಕೊನೆಗೆ ಉಳಿದದ್ದು 'ಆಪತ್ತು!' ಅನ್ನುವ ಒಂದೇ ಪದ. ಮಿಕ್ಕಿದ್ದೆಲ್ಲ ಜಾಗಕ್ಕೇ.

ಇನ್ನು ಲಿಂಕಿನ ವಿಷಯ. ನೆಟ್ ಇಲ್ಲದವಳು ಕಳಿಸಿದ ಲಿಂಕನ್ನು ತೆರೆಯಲು ಅತ್ತ ಕಡೆಯವರಿಗೆ ನೆಟ್ ಬೇಕು. ಇದನ್ನು ಯಾರೂ ಯೋಚಿಸಿರಲಿಲ್ಲ. ನಮ್ಮವ್ವನ ಹತ್ತಿರ ಇರುವುದು ಬಟನ್ ಫೋನು. ಅವಳಿಗೆ ಬಂದ ಕನ್ನಡ ಮೆಸೇಜ್ ಪೂರಾ ಚೌಕ ಚೌಕ, ಸಾಲಾಗಿ ಪರಸಿ ಕಲ್ಲು ಜೋಡಿಸಿಟ್ಟ ಹಾಗೆ. ಆ ಫೋನ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ಇದ್ದರೂ ಅವ್ವ ಓದುವುದಿಲ್ಲ. ಆಗ ಹುಡುಗಿಯರು ಒಂದು ಉಪಾಯ ಮಾಡಿದರು: ಮೆಸೇಜ್ ಆದ ಮೇಲೆ ತಾನೇ ಕಾಲ್ ಮಾಡಿ, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತನ್ನು ಕೇಳಿಸಬೇಕು. ಆಂಡ್ರಾಯ್ಡ್‌ನಲ್ಲಿ ಮಾಮೂಲಿ ಆ್ಯಪ್ ಒಂದು ಫೋನ್ ಕಾಲ್‌ನ ಒಳಗೆ ಆಡಿಯೊ ಹಾಕಲು ಬಿಡುವುದಿಲ್ಲ ಅಂತ ಗೊತ್ತಾಗಲು ಅವರಿಗೆ ಎರಡು ವಾರ ಬೇಕಾಯಿತು. ಸರಿ, ಸ್ಪೀಕರ್ ಆನ್ ಮಾಡಿ ಜೋರಾಗಿ ನುಡಿಸೋಣ ಅಂದರು. ಕಾಲ್‌ನಲ್ಲಿ ಪ್ರತಿಧ್ವನಿ ಬರಬಾರದು ಅಂತ ಫೋನ್ ತನ್ನ ಸ್ಪೀಕರ್‌ನ ಸದ್ದನ್ನು ತಾನೇ ಅಳಿಸಿ ಕಳಿಸುತ್ತದೆ. ಅವ್ವನಿಗೆ ಕೇಳಿದ್ದು ಗುಂಯ್ ಅನ್ನುವ ಸದ್ದು. "ನೊಣ ಹೊಕ್ಕದ ಅದರಾಗ" ಅಂದಳು. ಅದನ್ನೂ ಕೈಬಿಟ್ಟರು. ಈಗ ಅವ್ವನಿಗೆ ಬರೀ ಕಾಲ್ ಹೋಗುತ್ತದೆ, ಮಾತಾಡುವುದು ನಮಗೆ ಬಿಟ್ಟದ್ದು. ಮಾತಾಡಲು ಆಗದಿದ್ದರೆ? ಅದಕ್ಕೆ ಈ ಆ್ಯಪ್‌ನಲ್ಲಿ ಉತ್ತರವಿಲ್ಲ.

ಲಿಂಕ್ ಬೇಡವಾದ ಮೇಲೆ ಮಾಡಿದ ಕೆಲಸವೇ ಈ ಆ್ಯಪ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಊರುಗಳ ಹೆಸರು, ಅವುಗಳ ಅಕ್ಷಾಂಶ ರೇಖಾಂಶ ಎಲ್ಲ ಆ್ಯಪ್‌ನ ಒಳಗೇ ತುಂಬಿದರು. ಹೆಸರು ಮತ್ತು ಅಂಕಿ ಅಷ್ಟೇ ಆದ್ದರಿಂದ ಇಡೀ ಪಟ್ಟಿ ಒಂದು ಫೋಟೊಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಗುಂಡಿ ಒತ್ತಿದಾಗ ಆ್ಯಪ್ ಹತ್ತಿರದ ಊರು ಹುಡುಕಿ, ಎಷ್ಟು ದೂರ, ಯಾವ ದಿಕ್ಕು ಅಂತ ಕನ್ನಡದಲ್ಲೇ ಬರೆಯುತ್ತದೆ. 'ಆಪತ್ತು! ಸುಲೇಪೇಟ 2 ಕಿಮೀ ಪೂರ್ವಕ್ಕೆ'. ಬಾಲಕ್ಕೆ ಅಂಕಿಯಲ್ಲಿ ಜಾಗ, ಅದು ಪೊಲೀಸರಿಗೋ ಮ್ಯಾಪ್ ಇದ್ದವರಿಗೋ ಬೇಕಾದರೆ ಇರಲಿ ಅಂತ. ಎಲ್ಲ ಸೇರಿ 70ರೊಳಗೆ.

ಚಂದ ಅನ್ನಿಸುತ್ತದೆ, ಆದರೆ ನಮ್ಮ ಕಡೆಯ ಊರುಗಳು ಅಷ್ಟು ಸುಲಭವಾಗಿ ಪಟ್ಟಿಗೆ ಸಿಗುತ್ತವಾ? ನಂದೂರ ಬಿ ಇದೆ, ನಂದೂರ ಕೆ ಇದೆ. ಬಿ ಅಂದರೆ ಬುಜುರ್ಗ, ದೊಡ್ಡದು. ಕೆ ಅಂದರೆ ಖುರ್ದ, ಸಣ್ಣದು. ನಿಜಾಮರ ಕಾಲದ ಫಾರ್ಸಿ ಇನ್ನೂ ನಮ್ಮ ಬಸ್ಸಿನ ಬೋರ್ಡಿನ ಮೇಲೆ ಕೂತಿದೆ. ಪಟ್ಟಿ ಮಾಡಿದ ಗೆಳತಿ ಬೆಂಗಳೂರಿನ ಕಡೆಯವಳು, ಒಂದೇ ಹೆಸರು ಎರಡು ಸಲ ತಪ್ಪಿ ಬಂದಿದೆ ಅಂದುಕೊಂಡು ಒಂದನ್ನು ಅಳಿಸಿಬಿಟ್ಟಿದ್ದಳು. ಹೀಗೆ ಎಷ್ಟೋ 'ಕೆ'ಗಳು ಮಾಯವಾಗಿದ್ದವು. ಸೇಡಂ ಕಡೆಯ ಗೆಳತಿ ಹಿಡಿದಳು, ಅವಳ ಊರೇ ಹೋಗಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಆ್ಯಪ್ ದೂರವನ್ನು ಹಕ್ಕಿ ಹಾರಿದ ಹಾಗೆ ನೆಟ್ಟಗೆ ಅಳೆಯುತ್ತದೆ. ಜೇವರ್ಗಿ ಕಡೆ ಭೀಮಾ ದಂಡೆಯಲ್ಲಿ ನಿಂತು ಪರೀಕ್ಷೆ ಮಾಡಿದರೆ ಹತ್ತಿರದ ಊರು ಅಂತ ನದಿಯ ಆಚೆ ದಂಡೆಯ ಊರನ್ನು ತೋರಿಸಿತು. ನೆಟ್ಟಗೆ ಒಂದೂವರೆ ಕಿಲೋಮೀಟರ್, ಸೇತುವೆ ಸುತ್ತಿ ಬಂದರೆ ಎಷ್ಟಾಗುತ್ತದೆ ಅಂತ ಆ ಕಡೆಯವರಿಗೆ ಗೊತ್ತು. ಮಳೆಗಾಲದಲ್ಲಿ ಕಾಗಿಣಾ ಸೇತುವೆ ಮುಳುಗಿದರಂತೂ ಮುಗೀತು. ಈಗ ಒಂದರ ಬದಲು ಎರಡು ಊರಿನ ಹೆಸರು ಕಳಿಸುತ್ತದೆ. ಪೂರ್ತಿ ಪರಿಹಾರ ಅಲ್ಲ, ಓದುವವರಿಗೆ ಅಂದಾಜು ಸಿಗುತ್ತದೆ.

ಡಿಜಿಪಿನ್ ಬಗ್ಗೆಯೂ ಒಂದು ಮಾತು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ತಂದದ್ದು, ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹೆಚ್ಚಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಅಕ್ಷಾಂಶ ರೇಖಾಂಶದಿಂದ ಲೆಕ್ಕ ಹಾಕುವುದಾದ್ದರಿಂದ ನೆಟ್ ಇಲ್ಲದೆಯೂ ಸಿಗುತ್ತದೆ. ಹುಡುಗಿಗೆ ಇದರ ಮೇಲೆ ವಿಪರೀತ ಪ್ರೀತಿ, ಮೆಸೇಜ್‌ನ ಮೊದಲಿಗೇ ಹಾಕಿದ್ದಳು. ನಮ್ಮ ಕಿರಾಣಿ ಅಂಗಡಿಯ ಕಾಕಾನಿಗೆ ತೋರಿಸಿದೆ. "ಇದು ಲಾಟರಿ ನಂಬರ್ ಏನ್ರೀ ಟೀಚರ್" ಅಂದರು. ಈಗ ಅದು ಕೊನೆಗೆ ಹೋಗಿದೆ, ಅದೂ ಇಂಗ್ಲಿಷ್ ಮೆಸೇಜ್‌ನಲ್ಲಿ ಮಾತ್ರ.

ಜಿಪಿಎಸ್ ಕೂಡ ಹೇಳಿದಷ್ಟು ಸಾಧು ಅಲ್ಲ. ನೆಟ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿಯನ್ನು ಫೋನ್ ತಟ್ಟನೆ ಇಳಿಸಿಕೊಳ್ಳುತ್ತದೆ. ನೆಟ್ ಇಲ್ಲದಾಗ ಅದನ್ನೂ ಉಪಗ್ರಹದಿಂದಲೇ ನಿಧಾನಕ್ಕೆ ಕೇಳಿಸಿಕೊಳ್ಳಬೇಕು. ಬಯಲಲ್ಲಿ ನಿಂತರೂ ಅರ್ಧ ನಿಮಿಷ ಹಿಡಿಯಬಹುದು. ಬಸ್ಸಿನ ತಗಡಿನ ಕೆಳಗೆ, ಅಥವಾ ನಮ್ಮ ಹಳೆ ಮನೆಗಳ ಕಲ್ಲಿನ ಮಾಳಿಗೆ ಕೆಳಗೆ ಇನ್ನೂ ಜಾಸ್ತಿ. ಮೊದಲು ಮಾಡಿದ್ದ ಆ್ಯಪ್ ಕಾಯುತ್ತಿರಲಿಲ್ಲ, ಹಳೆ ಜಾಗವನ್ನೇ ಹೊಸದು ಅನ್ನುವ ಹಾಗೆ ಕಳಿಸಿಬಿಡುತ್ತಿತ್ತು. ನಾನು ಸೇಡಂ ರಸ್ತೆಯಲ್ಲಿ ನಿಂತು ಒತ್ತಿದರೆ ನಮ್ಮ ಅಡುಗೆಮನೆಯಲ್ಲಿ ಆಪತ್ತು ಅಂತ ಹೋಯಿತು. ಅಣ್ಣ ಗ್ಯಾಸ್ ಸಿಲಿಂಡರ್ ಅಂದುಕೊಂಡು ಓಡಿ ಬಂದ. ಈಗ ಎರಡು ಮೆಸೇಜ್ ಹೋಗುತ್ತವೆ. ತಕ್ಷಣ ಒಂದು, ಅದರಲ್ಲಿ '12 ನಿಮಿಷ ಹಿಂದಿನ ಜಾಗ' ಅಂತ ಸ್ಪಷ್ಟವಾಗಿ ಇರುತ್ತದೆ. ಹೊಸ ಜಾಗ ಸಿಕ್ಕ ಕೂಡಲೇ ಇನ್ನೊಂದು.

ಫೋನ್ ಅಲುಗಾಡಿಸಿದರೆ ಮೆಸೇಜ್ ಹೋಗುವ ಸೌಲಭ್ಯವೂ ಮೊದಲಿತ್ತು. ನಮ್ಮ ರಸ್ತೆಗಳ ಮೇಲೆ ಅದು ನಡೆಯುವ ಮಾತಾ? ಒಂದೇ ಬೆಳಿಗ್ಗೆ ಬ್ಯಾಗಿನೊಳಗಿನಿಂದಲೇ ಏಳು ಸಲ ಆಪತ್ತು ಹೋಯಿತು. ಎಂಟನೆಯದನ್ನು ಯಾರೂ ನಂಬುತ್ತಿರಲಿಲ್ಲ. ತೆಗೆಸಿದೆ.

ಬ್ಯಾಟರಿ ಉಳಿಸುವ ನೆಪದಲ್ಲಿ ಆ್ಯಪ್‌ಗಳ ಕತ್ತು ಹಿಸುಕುವ ಫೋನ್‌ಗಳ ಬಗ್ಗೆ ಏನು ಹೇಳಲಿ. ನನ್ನ ಫೋನ್‌ನ ಕಂಪನಿಯ ಹೆಸರು ಬೇಡ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಆ್ಯಪ್ ಸತ್ತಿರುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಆಟೊ ಸ್ಟಾರ್ಟ್ ಆನ್ ಮಾಡಬೇಕು, ಬ್ಯಾಟರಿಯ ಕಡೆ ಹೋಗಿ ನಿರ್ಬಂಧ ತೆಗೆಯಬೇಕು, ಒಂದೊಂದು ಫೋನ್‌ನಲ್ಲಿ ಒಂದೊಂದು ಕಡೆ ಅಡಗಿಸಿಟ್ಟಿರುತ್ತಾರೆ. ಆ್ಯಪ್ ಜೀವಂತ ಇದೆ ಅಂತ ತೋರಿಸಲು ಮೇಲುಗಡೆ ಒಂದು ನೋಟಿಫಿಕೇಶನ್ ಯಾವಾಗಲೂ ಇರುತ್ತದೆ. ಮೊದಲು ಕಿರಿಕಿರಿ ಅನ್ನಿಸಿತು, ಈಗ ಬೆಳಿಗ್ಗೆ ಮನೆ ಬಿಡುವಾಗ ಕೀಲಿ ನೋಡಿಕೊಂಡ ಹಾಗೆ ಅದನ್ನೂ ನೋಡಿಕೊಳ್ಳುತ್ತೇನೆ. ಎರಡು ಸಿಮ್ ಇದ್ದವರು ಇನ್ನೊಂದು ನೋಡಿಕೊಳ್ಳಿ: ಯಾವ ಸಿಮ್‌ನಿಂದ ಮೆಸೇಜ್ ಅಂತ ಪ್ರತಿ ಸಲ ಕೇಳುವ ಹಾಗೆ ಇಟ್ಟಿದ್ದರೆ ಗುಂಡಿ ಒತ್ತಿದಾಗಲೂ ತೊಡಕಾಗಬಹುದು. ಒಂದನ್ನು ಗಟ್ಟಿ ಮಾಡಿಡಿ. ಅಳಿಯನ ಐಫೋನ್‌ಗೆ ಇದನ್ನು ಮಾಡಲು ಹೋಗಲೇ ಇಲ್ಲ, ಅಲ್ಲಿ ಆ್ಯಪ್ ತಾನಾಗಿ ಎಸ್‌ಎಂಎಸ್ ಕಳಿಸುವ ಹಾಗಿಲ್ಲ, ಕಳಿಸುವ ಬಟನ್ ನಾವೇ ಒತ್ತಬೇಕು.

ಸಿಮ್‌ನ ಪ್ಯಾಕ್ ಮುಗಿದಿದ್ದರೆ ಮೆಸೇಜ್ ಹೋಗುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದರೆ ಆ್ಯಪ್ ಆಗಲೂ 'ಕಳಿಸಲಾಗಿದೆ' ಅನ್ನುತ್ತಿತ್ತು! ಕಳಿಸು ಅಂತ ಫೋನ್‌ಗೆ ಹೇಳಿದ್ದನ್ನೇ ಕಳಿಸಿದ್ದು ಅಂತ ತಿಳಿದಿತ್ತು. ಈಗ ಮೂರು ಹಂತ ತೋರಿಸುತ್ತದೆ: ಹೊರಟಿದೆ, ಟವರ್‌ಗೆ ಹೋಗಿದೆ, ಅವರ ಫೋನ್ ಮುಟ್ಟಿದೆ. ಇದನ್ನು ತೋರಿಸದ ಯಾವ ಸುರಕ್ಷತೆಯ ಆ್ಯಪ್ ಅನ್ನೂ ನಾನು ಇನ್ನು ನಂಬುವುದಿಲ್ಲ.

ಇಷ್ಟೆಲ್ಲ ತಿದ್ದಿದ ಮೇಲೆ, ಹೋದ ತಿಂಗಳು, ಪರೀಕ್ಷೆಗಲ್ಲ, ನಿಜಕ್ಕೇ ಒಮ್ಮೆ ಒತ್ತಬೇಕಾಯಿತು.

ಶಾಲೆಯಲ್ಲಿ ಕಾರ್ಯಕ್ರಮ ಮುಗಿಯುವುದು ತಡವಾಯಿತು. ಸಿಕ್ಕ ಬಸ್ಸು ಹುಮನಾಬಾದ್ ಕಡೆಗೆ ಹೋಗುವುದಿತ್ತು. ಮಹಾಗಾಂವ ಕ್ರಾಸ್‌ನಲ್ಲಿ ಇಳಿದು ಕಲಬುರಗಿ ಬಸ್ಸಿಗೆ ಕಾದೆ. ಎಂಟು ದಾಟಿತ್ತು, ಕರೆಂಟ್ ಹೋಗಿತ್ತು, ಮಳೆ ಹನಿಯುತ್ತಿತ್ತು, ನಾನು ನಿಂತ ಕಡೆಯ ಅಂಗಡಿ ಬಾಗಿಲು ಹಾಕಿತ್ತು. ಬೈಕಿನಲ್ಲಿ ಇಬ್ಬರು ಒಮ್ಮೆ ಹೋದರು, ತಿರುಗಿ ಬಂದರು, ಮತ್ತೆ ಹೋದರು, ಮೂರನೇ ಸಲ ಬಂದು ಸ್ವಲ್ಪ ದೂರದಲ್ಲಿ ನಿಂತು ಲೈಟ್ ಆರಿಸಿದರು. ಅಷ್ಟೇ. ಒಂದು ಮಾತೂ ಆಡಲಿಲ್ಲ. ಆದರೆ ಹೆಂಗಸರಿಗೆ ಗೊತ್ತು ಆ ನಿಲ್ಲುವಿಕೆ. ಡೇಟಾ ಇರಲಿಲ್ಲ. ಬ್ಯಾಗಿನೊಳಗೆ ಕೈ ಇಟ್ಟೇ ಗುಂಡಿ ಒತ್ತಿದೆ, ಅಂಗೈಯಲ್ಲಿ ಫೋನ್ ಹತ್ತು ಸಲ ನಡುಗಿದ್ದು ಇನ್ನೂ ನೆನಪಿದೆ.

ಮೆಸೇಜ್ ನಾಲ್ಕು ಜನಕ್ಕೆ ಹೋಯಿತು. ಬೀದರ್‌ನಲ್ಲಿದ್ದ ಗಂಡ ಕೂಡಲೇ ಫೋನ್ ಮಾಡಿದರು, ಅಷ್ಟು ದೂರದಿಂದ ಅವರು ಏನು ಮಾಡಿಯಾರು, ಧೈರ್ಯ ಹೇಳಿದರು. ಅಣ್ಣ ಕಲಬುರಗಿಯಿಂದ ಗಾಡಿ ತೆಗೆದ. ಹುಡುಗಿ ಅಳುತ್ತಾ ಫೋನ್ ಮಾಡಿದಳು. ನಾಲ್ಕನೆಯವರು ನಮ್ಮ ಶಾಲೆಯ ಒಬ್ಬರು ಸರ್, ಮಹಾಗಾಂವದವರೇ. ಅವರ ನಂಬರನ್ನು ನಾನು ಹಾಕಿ ಒಂದು ವಾರವಾಗಿತ್ತು, ಅದೂ ಜಾಗ ಖಾಲಿ ಇದೆ ಅಂತ ಸುಮ್ನೆ ಹಾಕಿದ್ದು. ಹತ್ತು ನಿಮಿಷದೊಳಗೆ ಬೈಕಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಬಂದರು. ಲೈಟ್ ಆರಿಸಿ ನಿಂತಿದ್ದವರು ಹೊರಟುಹೋದರು. "ಮೇಡಂ, ನಡೀರಿ ಮನೀಗಿ. ಚಾ ಕುಡುದು ಹೋಗೀರಂತ" ಅಂದರು ಆ ತಾಯಿ. ಆಮೇಲೆ ಸರ್ ಫೋನ್ ನೋಡಿದೆ. ಅವರಲ್ಲೂ ನೆಟ್ ಇರಲಿಲ್ಲ. ಅಂಕಿಗಳ ಕಡೆ ಅವರು ಕಣ್ಣೂ ಹಾಯಿಸಿರಲಿಲ್ಲ. 'ಆಪತ್ತು! ಮಹಾಗಾಂವ ಕ್ರಾಸ್' ಅನ್ನುವಷ್ಟು ಓದಿ ಚಪ್ಪಲಿ ಹಾಕಿಕೊಂಡಿದ್ದರು.

ನಾನು ಅಲ್ಲಿಯವರೆಗೆ ಯಾರ ನಂಬರ್ ಹಾಕಿದ್ದೆ ನೋಡಿ. ಪ್ರೀತಿಯವರದ್ದು. ಹಾಕಬೇಕಾದದ್ದು ಹತ್ತಿರದವರದ್ದು. ಈ ಮಾತು ಹುಡುಗಿಗೆ ಹೇಳಿದ್ದೇ ತಡ, ಆ್ಯಪ್ ಮತ್ತೆ ಬಿಚ್ಚಿ ಕಟ್ಟಿದಳು. ಈಗ ನಂಬರ್ ಹಾಕುವಾಗ ಅವರ ಊರನ್ನೂ ಹಾಕಬೇಕು. ಹತ್ತು ಹದಿನೈದು ಜನರನ್ನು ಇಟ್ಟುಕೊಳ್ಳಬಹುದು. ಒತ್ತಿದಾಗ ನಾವಿರುವ ಜಾಗಕ್ಕೆ ಹತ್ತಿರದ ಮೂವರಿಗೆ ಮೊದಲು ಹೋಗುತ್ತದೆ, ಆಮೇಲೆ ಮನೆಯವರಿಗೆ. ನನ್ನ ದಾರಿಯುದ್ದಕ್ಕೂ ಈಗ ಜನ ಇದ್ದಾರೆ: ಒಬ್ಬ ಆಶಾ ಕಾರ್ಯಕರ್ತೆ, ಒಂದು ಚಹಾ ಅಂಗಡಿ, ನನ್ನ ಹಳೆ ವಿದ್ಯಾರ್ಥಿಯ ಅಪ್ಪ. ಒಬ್ಬೊಬ್ಬರನ್ನೂ ಕೇಳಿಯೇ ಹಾಕಿದ್ದೇನೆ, ಪರೀಕ್ಷೆಗೆ ಒಂದೊಂದು ಮೆಸೇಜ್ ಕಳಿಸಿ ಓದಿಸಿದ್ದೇನೆ. ಚಹಾ ಅಂಗಡಿಯವರು ಮೆಸೇಜ್ ನೋಡುವುದೇ ಇಲ್ಲವಂತೆ, ಬರೀ ಕಂಪನಿಯವರ ಜಾಹೀರಾತು ಬರುತ್ತದೆ ಅಂತ. ಅವರಿಗೆ ಕಾಲ್ ಹೋಗುವ ಹಾಗೆ ಇಟ್ಟೆ.

ಅವತ್ತು 112ಕ್ಕೆ ಯಾಕೆ ಮಾಡಲಿಲ್ಲ ಅಂತ ಗಂಡ ಆಮೇಲೆ ಬೈದರು. ಸರಿಯೇ. ಏನೂ ಆಗಿಲ್ಲವಲ್ಲ, ಪೊಲೀಸರಿಗೆ ಏನಂತ ಹೇಳಲಿ ಅನ್ನುವ ಸಂಕೋಚ. ಅದಕ್ಕೇ ಈಗ ಕೆಂಪು ಗುಂಡಿಯ ಮೇಲೆ, ಅದಕ್ಕಿಂತ ದೊಡ್ಡದಾಗಿ 112 ಇದೆ. ಒಂದು ವಿಷಯ ನನಗೂ ಈಗಲೇ ಗೊತ್ತಾದದ್ದು: ನಿಮ್ಮ ಸಿಮ್‌ನ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಫೋನ್ ಅದರ ಮೂಲಕ 112 ಕಾಲ್ ಮಾಡಬಲ್ಲದು. ಎಸ್‌ಎಂಎಸ್‌ಗೆ ಆ ಅನುಕೂಲ ಇಲ್ಲ. ಇನ್ನು 2016ರಲ್ಲೇ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿದೆ, ಬಟನ್ ಫೋನ್‌ನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕಾಲ್ ಹೋಗಬೇಕು, ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತಿದರೆ ಹೋಗಬೇಕು ಅಂತ. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಐದು ಸಲ ಒತ್ತುವ ಎಸ್‌ಒಎಸ್ ಕೂಡ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ಅನ್ನುವ ಕಡೆ ನೋಡಿ. ಯಾವ ಆ್ಯಪ್ ಹಾಕುವ ಮೊದಲೂ ಇದನ್ನು ಸರಿ ಮಾಡಿಟ್ಟುಕೊಳ್ಳಿ, ದುಡ್ಡಿಲ್ಲ ಕಾಸಿಲ್ಲ.

ಟವರ್ರೇ ಇಲ್ಲದ ಕಡೆ? ಕುಂಚಾವರಂ ಕಾಡಿನ ಕಡೆ ಹೋಗಿ ನೋಡಿದೆವು. ಕೆಂಪು ಗುಂಡಿ ಸುಮ್ಮನೆ ಕೂತು ಟವರ್ ಸಿಗುವವರೆಗೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ, ಬೇಕಾದರೆ ಸೈರನ್ ಕೂಗುತ್ತದೆ. ಬ್ಲೂಟೂತ್‌ನಲ್ಲಿ ಫೋನ್‌ನಿಂದ ಫೋನ್‌ಗೆ ದಾಟಿಸುವ ಆಸೆ ಹುಡುಗಿಯರಿಗಿತ್ತು. ಅದಕ್ಕೆ ಹತ್ತಿಪ್ಪತ್ತು ಮೀಟರ್ ದೂರದಲ್ಲಿ ಅದೇ ಆ್ಯಪ್ ಇರುವ ಇನ್ನೊಂದು ಫೋನ್ ಬೇಕು. ಅಷ್ಟು ಹತ್ತಿರ ಜನ ಇದ್ದರೆ ಕೂಗಿ ಕರೆಯಬಹುದಲ್ವಾ ಅಂದೆ. ಸಿಟ್ಟು ಮಾಡಿಕೊಂಡರು, ಆದರೆ ಬಿಟ್ಟರು.

ಈ ಆ್ಯಪ್‌ನ ಫೈಲ್ ಕಳಿಸಿ ಅಂತ ಈಗಾಗಲೇ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ಕಳಿಸಿಲ್ಲ. ಮದುವೆ ಆಮಂತ್ರಣ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಒತ್ತಿ ಖಾತೆ ಖಾಲಿ ಮಾಡಿಕೊಂಡವರ ಸುದ್ದಿ ಓದಿದ್ದೀರಿ. ಗುರುತಿನವರು ಕಳಿಸಿದರೂ ಹಾಗೆ ಬಂದದ್ದನ್ನು ಹಾಕಿಕೊಳ್ಳುವ ಅಭ್ಯಾಸ ಬೇಡ. ಪ್ಲೇ ಸ್ಟೋರ್‌ಗೆ ಹಾಕಬೇಕೆಂದರೆ 2019ರಿಂದ ಗೂಗಲ್ ಎಸ್‌ಎಂಎಸ್ ಅನುಮತಿಯನ್ನು ಬಿಗಿ ಮಾಡಿದೆ. ತುರ್ತು ಸುರಕ್ಷತೆಗೆ ವಿನಾಯಿತಿ ಕೇಳಬಹುದು, ಅರ್ಜಿ ಬರೆಯುತ್ತಿದ್ದಾರೆ. ಕೆಂಪು ಗುಂಡಿ ಮೆಸೇಜ್ ಕಳಿಸುವ ಅನುಮತಿ ಮಾತ್ರ ಕೇಳುತ್ತದೆ, ಓದುವ ಅನುಮತಿ ಕೇಳುವುದಿಲ್ಲ. ಬೇರೆ ಆ್ಯಪ್ ಹಾಕುವಾಗ ಈ ವ್ಯತ್ಯಾಸ ನೋಡಿ. ನಮ್ಮ ಒಟಿಪಿ ಬರುವುದೂ ಆ ಮೆಸೇಜ್ ಪೆಟ್ಟಿಗೆಗೇ.

ಸ್ಟಾರ್ ಐದಕ್ಕೆ ಮೂರೂವರೆ. ಅರ್ಧ ಕಡಿಮೆ ಮಾಡಿದ್ದು ಅವ್ವನಿಗೆ ಇನ್ನೂ ದಾರಿ ಸಿಗದಿದ್ದಕ್ಕೆ, ಒಂದು ಕಡಿಮೆ ಮಾಡಿದ್ದು ಗಡಿಯ ತೊಡಕಿಗೆ. ಊರಿನ ಪಟ್ಟಿ ನಮ್ಮ ಮೂರು ಜಿಲ್ಲೆಗೆ ನಿಂತುಬಿಡುತ್ತದೆ. ಕುಂಚಾವರಂ ಕಡೆ ತೆಲಂಗಾಣದ ಅಂಚಿನಲ್ಲಿ ನಿಂತರೆ ಎದುರಿಗೇ ಕಾಣುವ ಊರನ್ನು ಬಿಟ್ಟು ಎಲ್ಲೋ ಹಿಂದಿನ ಊರಿನ ಹೆಸರು ಕೊಡುತ್ತದೆ. ಆಚೆ ಕಡೆಯ ಊರುಗಳನ್ನು ಕನ್ನಡದಲ್ಲಿ ಹೇಗೆ ಕರೆಯುತ್ತಾರೆ ಅಂತ ನಿಮ್ಮ ಶಾಲೆಯ ಮಕ್ಕಳಿಗೆ ಕೇಳಿ ಬರೆದುಕೊಂಡು ಬಾ ಅಂದಿದ್ದಾಳೆ ಹುಡುಗಿ. ಎಂಟನೇ ಕ್ಲಾಸಿನವರು ಇಲ್ಲಿಯವರೆಗೆ 23 ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಐದು ಅವರವರ ಸೋದರಮಾವನ ಊರು, ಎರಡು ಒಂದೇ ಊರಿನ ಎರಡು ಹೆಸರು. ಇನ್ನೊಂದು ಊರೇ ಅಲ್ಲ, ಢಾಬಾ. ಅದನ್ನೂ ಪಟ್ಟಿಯಲ್ಲಿ ಇಡು ಅಂದಿದ್ದೇನೆ, ರಾತ್ರಿ ಹನ್ನೆರಡರವರೆಗೂ ಅಲ್ಲಿ ಜನ ಇರುತ್ತಾರಂತೆ.